ನಾಲ್ಕು ಕಿಲೋಮೀಟರ್‌ಗೆ ನಿಲ್ಲುವ ಜಾವಾ: ಕಾರ್ಬ್ಯುರೇಟರ್ ಬಿಚ್ಚುವ ಮೊದಲು ಟ್ಯಾಂಕಿನ ಮುಚ್ಚಳ ನೋಡಿ

ಪ್ರಶ್ನೆ: ಹಾಸನದಿಂದ ಬರೆಯುತ್ತಿದ್ದೇನೆ ಸರ್. ನಮ್ಮ ತಂದೆಯವರ 1969ರ ಜಾವಾ 250 ಎಂಟು ವರ್ಷ ಶೆಡ್ಡಿನಲ್ಲೇ ನಿಂತಿತ್ತು. ಹೋದ ವರ್ಷ ಎಂಜಿನ್ ಕೆಲಸ ಮಾಡಿಸಿ, ಟ್ಯಾಂಕಿಗೆ ಬಣ್ಣ ಮತ್ತು ಕ್ರೋಮ್ ಹಾಕಿಸಿ ರಸ್ತೆಗೆ ಇಳಿಸಿದೆ. ಎರಡನೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತದೆ. ಊರೊಳಗೆ ಚೆನ್ನಾಗಿ ಓಡುತ್ತದೆ. ಆದರೆ ಹೈವೇಗೆ ಹೋದರೆ ಮೂರು-ನಾಲ್ಕು ಕಿಲೋಮೀಟರ್ ಆದ ಮೇಲೆ ಮುಗ್ಗರಿಸಿ ನಿಂತುಬಿಡುತ್ತದೆ. ಐದು ನಿಮಿಷ ಬಿಟ್ಟು ಒದ್ದರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಹೊರಡುತ್ತದೆ. ಬಿಸಿಲಲ್ಲಿ ನಿಲ್ಲಿಸಿದರೆ ಕಾರ್ಬ್ಯುರೇಟರ್ ಕೆಳಗೆ ಪೆಟ್ರೋಲ್ ತೊಟ್ಟಿಕ್ಕುತ್ತದೆ. ಮೆಕ್ಯಾನಿಕ್ ಎರಡು ಸಲ ಕಾರ್ಬ್ಯುರೇಟರ್ ತೊಳೆದರು. ಮೇನ್ ಜೆಟ್ (ಪೆಟ್ರೋಲ್ ಅಳೆದು ಬಿಡುವ ತೂತಿನ ಹಿತ್ತಾಳೆ ತುಂಡು), ಪ್ಲಗ್ ಹೊಸದು ಹಾಕಿದರು. ಈಗ ಇದನ್ನು ತೆಗೆದು ಬೇರೆ ಬೈಕಿನ ಕಾರ್ಬ್ಯುರೇಟರ್ ಕೂರಿಸೋಣ ಅನ್ನುತ್ತಿದ್ದಾರೆ. ಒಪ್ಪಲಾ?

ಉತ್ತರ: ಸದ್ಯಕ್ಕೆ ಒಪ್ಪಬೇಡಿ. ನಿಮ್ಮ ಗಾಡಿಯಲ್ಲಿರುವ ಜಿಕೋವ್ ಕಾರ್ಬ್ಯುರೇಟರ್ ಆ ಎಂಜಿನ್ನಿಗೆಂದೇ ಆರಿಸಿದ್ದು. ನೀವು ಬರೆದಿರುವ ಲಕ್ಷಣಗಳನ್ನು ನೋಡಿದರೆ ತಪ್ಪು ಅದರದ್ದು ಅಂತ ನನಗೆ ಅನ್ನಿಸುತ್ತಿಲ್ಲ. ಬೇರೆ ಕಾರ್ಬ್ಯುರೇಟರ್ ಹಾಕಿದರೂ ಅದಕ್ಕೆ ಪೆಟ್ರೋಲ್ ಬರುವುದು ಅದೇ ಟ್ಯಾಂಕಿನಿಂದ, ಅದೇ ಟ್ಯಾಪಿನಿಂದ ಅಲ್ವಾ? ಅಲ್ಲಿ ತೊಂದರೆ ಇದ್ದರೆ ಹೊಸದೂ ನಾಲ್ಕು ಕಿಲೋಮೀಟರಿಗೇ ನಿಲ್ಲುತ್ತದೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ತೊಂದರೆ ಸಿಗುವವರೆಗೂ ಗಾಡಿಯನ್ನು ಹೈವೇಗೆ ಒಯ್ಯಬೇಡಿ. ನಾಲ್ಕು ಸ್ಟ್ರೋಕಿನ ಬುಲೆಟ್‌ಗೆ ಪೆಟ್ರೋಲ್ ಕಡಿಮೆಯಾದರೆ ಅದು ನಿಲ್ಲುತ್ತದೆ, ಸಾಮಾನ್ಯವಾಗಿ ಅಷ್ಟಕ್ಕೇ ಮುಗಿಯಿತು. ಜಾವಾ ಎರಡು ಸ್ಟ್ರೋಕಿನ ಗಾಡಿ. ಅದರ ಪಿಸ್ಟನ್ನಿಗೂ ಬೇರಿಂಗಿಗೂ ಆಯಿಲ್ ಹೋಗುವುದೇ ಪೆಟ್ರೋಲಿನ ಜೊತೆಗೆ. ಪೆಟ್ರೋಲ್ ಕಡಿಮೆಯಾದರೆ ಒಂದು ಕಡೆ ಗಾಳಿಯ ಪಾಲು ಹೆಚ್ಚಾಗಿ ಮಿಶ್ರಣ ತೆಳುವಾಗಿ ಎಂಜಿನ್ ಅತಿಯಾಗಿ ಕಾಯುತ್ತದೆ, ಇನ್ನೊಂದು ಕಡೆ ಅದೇ ಹೊತ್ತಿಗೆ ಆಯಿಲೂ ಕಡಿಮೆಯಾಗುತ್ತದೆ. ಎರಡೂ ಸೇರಿದರೆ ಪಿಸ್ಟನ್ ಸೀಜ್, ಅಂದರೆ ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿಕೊಳ್ಳುತ್ತದೆ. ಓಡುತ್ತಿರುವಾಗ ಹಿಂದಿನ ಚಕ್ರ ಹಿಡಿದುಕೊಂಡರೆ ಬೀಳುವುದು ನೀವು. ಹಾಗಾಗಿ ಮುಗ್ಗರಿಸಲು ಶುರುವಾದ ತಕ್ಷಣ ಆಕ್ಸಿಲರೇಟರ್ ಜಾಸ್ತಿ ಕೊಟ್ಟು ಎಳೆಯಲು ಹೋಗಬೇಡಿ. ಕ್ಲಚ್ ಹಿಡಿದು, ಆಕ್ಸಿಲರೇಟರ್ ಬಿಟ್ಟು, ಪಕ್ಕಕ್ಕೆ ಬನ್ನಿ.

ಈಗ ವಿಷಯಕ್ಕೆ ಬರೋಣ. ಈ ಗಾಡಿಗಳಲ್ಲಿ ಪೆಟ್ರೋಲ್ ಪಂಪ್ ಇಲ್ಲ. ಟ್ಯಾಂಕ್ ಮೇಲಿದೆ, ಕಾರ್ಬ್ಯುರೇಟರ್ ಕೆಳಗಿದೆ, ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಇಳಿಯಬೇಕು. ಆ ಒತ್ತಡ ಎಷ್ಟು ಸಣ್ಣದು ಅಂತ ಬಹಳ ಜನ ಯೋಚಿಸಿರುವುದಿಲ್ಲ. ಟ್ಯಾಂಕಿನ ಪೆಟ್ರೋಲಿನಿಂದ ಕಾರ್ಬ್ಯುರೇಟರ್‌ವರೆಗೆ ಸುಮಾರು 25-30 ಸೆಂಟಿಮೀಟರ್ ಎತ್ತರ ಅಂತ ಇಟ್ಟುಕೊಳ್ಳಿ. ಅಷ್ಟು ಎತ್ತರದ ಪೆಟ್ರೋಲ್ ಕೊಡುವ ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡದ ನೂರಕ್ಕೆ ಎರಡು ಪಾಲು ಮಾತ್ರ. ಇಷ್ಟು ಕಡಿಮೆ ಒತ್ತಡದಲ್ಲಿ ಸಣ್ಣ ಅಡ್ಡಿಯೂ ದೊಡ್ಡದೇ.

ಈ ನೂರಕ್ಕೆ ಎರಡು ಅನ್ನುವ ಲೆಕ್ಕವೇ ನಿಮ್ಮ ಗಾಡಿಯ ಕಥೆ ಹೇಳುತ್ತದೆ ಅಂತ ನನ್ನ ಅನುಮಾನ. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿ ಒಳಗೆ ಹೋಗಲು ಒಂದು ಸಣ್ಣ ತೂತು ಇರುತ್ತದೆ. ಹೊರಗೆ ಹೋದಷ್ಟು ಪೆಟ್ರೋಲಿನ ಜಾಗಕ್ಕೆ ಗಾಳಿ ಬರಬೇಕು. ಎಣ್ಣೆ ಡಬ್ಬಿಗೆ ಒಂದೇ ಕಡೆ ತೂತು ಹೊಡೆದರೆ ಎಣ್ಣೆ ಸಲೀಸಾಗಿ ಸುರಿಯುವುದಿಲ್ಲ, ಎದುರಿಗೆ ಇನ್ನೊಂದು ಹೊಡೆಯುತ್ತೇವಲ್ಲ, ಅದೇ ಕಾರಣ. ಈ ತೂತು ಮುಚ್ಚಿಹೋಗಿದೆ ಅಂದುಕೊಳ್ಳಿ. ಅರ್ಧ ಟ್ಯಾಂಕ್ ಪೆಟ್ರೋಲ್ ಇದೆ, ಮೇಲೆ 6 ಲೀಟರ್‌ನಷ್ಟು ಗಾಳಿ ಇದೆ. ಅದರ ನೂರಕ್ಕೆ ಎರಡು ಅಂದರೆ 120 ಮಿ.ಲೀ. ಅಷ್ಟು ಪೆಟ್ರೋಲ್ ಕೆಳಗೆ ಇಳಿಯುವ ಹೊತ್ತಿಗೆ ಒಳಗಿನ ಗಾಳಿಯ ಒತ್ತಡ ನೂರಕ್ಕೆ ಎರಡರಷ್ಟು ಕುಸಿದಿರುತ್ತದೆ. ಪೆಟ್ರೋಲನ್ನು ಕೆಳಗೆ ತಳ್ಳಲು ಇದ್ದ ಬಲ ಅಷ್ಟೇ. ಹರಿವು ನಿಂತುಹೋಗುತ್ತದೆ. ಲೀಟರಿಗೆ 30 ಕಿಲೋಮೀಟರ್ ಕೊಡುವ ಗಾಡಿ 120 ಮಿ.ಲೀ.ಯಲ್ಲಿ ಎಷ್ಟು ದೂರ ಹೋಗುತ್ತದೆ? ಸುಮಾರು ಮೂರೂವರೆ ಕಿಲೋಮೀಟರ್. ನೀವು ಬರೆದಿರುವ ದೂರಕ್ಕೆ ಹತ್ತಿರ ಹತ್ತಿರ ಸರಿಹೋಗುತ್ತದೆ.

ನಿಜವಾದ ಗಾಡಿಯಲ್ಲಿ ಲೆಕ್ಕ ಇಷ್ಟು ನಿಖರವಾಗಿ ಬರುವುದಿಲ್ಲ. ಯಾವ ಮುಚ್ಚಳವೂ ಪೂರ್ತಿ ಬಿಗಿಯಾಗಿರುವುದಿಲ್ಲ, ಸ್ವಲ್ಪ ಗಾಳಿ ನುಸುಳುತ್ತಲೇ ಇರುತ್ತದೆ. ಪೆಟ್ರೋಲಿನ ಆವಿಯೂ ಖಾಲಿ ಜಾಗವನ್ನು ಒಂದಿಷ್ಟು ತುಂಬುತ್ತದೆ. ಆದರೆ ಉಳಿದ ಲಕ್ಷಣಗಳೂ ಇದಕ್ಕೆ ಹೊಂದುತ್ತವೆ. ಐದು ನಿಮಿಷ ನಿಲ್ಲಿಸಿದರೆ ಗಾಳಿ ನಿಧಾನಕ್ಕೆ ಒಳಗೆ ಸೋರಿ, ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು ಮತ್ತೆ ತುಂಬುತ್ತದೆ. ಊರೊಳಗೆ ಪೆಟ್ರೋಲ್ ಖರ್ಚು ನಿಧಾನ, ಅಲ್ಲಲ್ಲಿ ನಿಲ್ಲುತ್ತೀರಿ, ಅಷ್ಟರಲ್ಲಿ ಗಾಳಿ ಸೇರಿಕೊಳ್ಳುತ್ತದೆ. ಇನ್ನು ಬಿಸಿಲಲ್ಲಿ ತೊಟ್ಟಿಕ್ಕುವುದು. ಅದು ಬೇರೆ ರೋಗ ಅಂತ ನಿಮಗೆ ಅನ್ನಿಸಿರಬಹುದು. ಗಾಳಿ ತೂತು ಕಟ್ಟಿದ ಟ್ಯಾಂಕ್ ಬಿಸಿಲಿಗೆ ಕಾದರೆ ಒಳಗಿನ ಆವಿಯ ಒತ್ತಡ ಏರುತ್ತದೆ. ಕಾರ್ಬ್ಯುರೇಟರ್‌ನ ಬಟ್ಟಲು ತುಂಬಿದಾಗ ತೇಲುವ ಫ್ಲೋಟ್ ಮೇಲೆದ್ದು ಒಂದು ಸೂಜಿಯಿಂದ ಪೆಟ್ರೋಲ್ ದಾರಿ ಮುಚ್ಚುತ್ತದೆ. ಆ ಫ್ಲೋಟ್ ನೀಡಲ್ ತಡೆಯಬೇಕಾಗಿರುವುದು ಆ ಸಣ್ಣ ನೂರಕ್ಕೆ ಎರಡರ ಒತ್ತಡವನ್ನು ಮಾತ್ರ. ಒಳಗಿನ ಒತ್ತಡ ಅದನ್ನು ಮೀರಿದರೆ ನೀಡಲ್ ಸೋಲುತ್ತದೆ, ಪೆಟ್ರೋಲ್ ಉಕ್ಕಿ ಹೊರಗೆ ಬರುತ್ತದೆ. ಒಂದೇ ತೂತು ಓಡುವಾಗ ಪೆಟ್ರೋಲ್ ಕೊಡದೆ, ನಿಂತಾಗ ಬೇಡದ ಪೆಟ್ರೋಲ್ ತಳ್ಳಬಲ್ಲದು.

ಟ್ಯಾಂಕಿಗೆ ಕ್ರೋಮ್ ಹಾಕಿಸಿದೆ ಅಂದಿರಿ. ಮುಚ್ಚಳವನ್ನೂ ಜೊತೆಗೇ ಕೊಟ್ಟಿದ್ದರೆ ಮೊದಲು ಅದನ್ನೇ ನೋಡಿ. ಬಫಿಂಗ್ ಮಾಡುವಾಗ ಹಚ್ಚುವ ಪಾಲಿಶ್ ಮಸಾಲೆ ಆ ತೂತಿನಲ್ಲಿ ಕೂತು ಗಟ್ಟಿಯಾಗುತ್ತದೆ. ಹೊಸ ಮುಚ್ಚಳ ಕೊಂಡಿದ್ದರೂ ಅಷ್ಟೇ: ನೋಡಲು ಹಳೆಯದರ ಹಾಗೇ ಇರುವ, ಆದರೆ ಗಾಳಿ ತೂತೇ ಇಲ್ಲದ ಮುಚ್ಚಳಗಳು ಮಾರಾಟಕ್ಕಿವೆ. ಕೆಲವೊಮ್ಮೆ ಮುಚ್ಚಳ ಸರಿಯಿದ್ದು, ಒಳಗೆ ಹಾಕಿದ ಹೊಸ ರಬ್ಬರ್ ವಾಷರ್ ತೂತನ್ನು ಮುಚ್ಚಿರುತ್ತದೆ. ಮುಚ್ಚಳ ತೊಳೆದು ಒಣಗಿಸಿ, ಒಳಬದಿಯಿಂದ ಸಣ್ಣ ಪೈಪಿನಲ್ಲಿ ಗಾಳಿ ಊದಿ ನೋಡಿ. ಅಡ್ಡಿಯಿಲ್ಲದೆ ಹೋಗಬೇಕು.

ಇದೆಲ್ಲ ಅನುಮಾನ. ಖಚಿತ ಮಾಡಿಕೊಳ್ಳಲು ಗಾಡಿಯನ್ನೇ ಕೇಳಬೇಕು. ಜಾವಾದಲ್ಲಿ ಅದಕ್ಕೆ ಒಂದು ಒಳ್ಳೆಯ ಸಾಧನ ಇದೆ, ಕಾರ್ಬ್ಯುರೇಟರ್ ಮೇಲಿನ ಸಣ್ಣ ಗುಂಡಿ, ಟಿಕ್ಲರ್. ಅದನ್ನು ಒತ್ತಿದರೆ ಫ್ಲೋಟ್ ಕೆಳಗಿಳಿದು ಪೆಟ್ರೋಲ್ ಉಕ್ಕುತ್ತದೆ. ನಾವು ಅದನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಲು ಮಾತ್ರ ಬಳಸುತ್ತೇವೆ. ರೋಗ ಕಂಡುಹಿಡಿಯಲು ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಮನೆ ಹತ್ತಿರದ, ವಾಹನ ಕಡಿಮೆ ಇರುವ ರಸ್ತೆಯಲ್ಲಿ ಓಡಿಸಿ. ವೇಗ ಹೆಚ್ಚು ಬೇಡ. ಮುಗ್ಗರಿಸಿದ ಕೂಡಲೇ ಎಂಜಿನ್ ಆಫ್ ಮಾಡಿ ನಿಲ್ಲಿಸಿ. ಮುಚ್ಚಳ ತೆಗೆಯಬೇಡಿ, ಟ್ಯಾಪ್ ಮುಟ್ಟಬೇಡಿ. ನೇರವಾಗಿ ಟಿಕ್ಲರ್ ಒತ್ತಿ. ಒಂದೆರಡು ಸೆಕೆಂಡಿನಲ್ಲೇ ಪೆಟ್ರೋಲ್ ಉಕ್ಕಿದರೆ ಬಟ್ಟಲು ತುಂಬಿದೆ ಅಂತ ಅರ್ಥ. ಆಗ ಮುಚ್ಚಳ, ಟ್ಯಾಪ್, ಪೈಪ್ ಯಾವುದರದ್ದೂ ತಪ್ಪಲ್ಲ. ಬಟ್ಟಲಿನಿಂದ ಮುಂದಕ್ಕೆ ಜೆಟ್ಟಿನಲ್ಲಿ ಕಸ ಇರಬಹುದು, ಇಲ್ಲವೇ ಕಿಡಿಯ ತೊಂದರೆ. ಹಳೆಯ ಇಗ್ನಿಷನ್ ಕಾಯಿಲ್ ಮತ್ತು ಕಂಡೆನ್ಸರ್ ಕಾದಾಗ ಕೈಕೊಟ್ಟು, ತಣ್ಣಗಾದ ಮೇಲೆ ಮತ್ತೆ ಕೆಲಸ ಮಾಡುತ್ತವೆ. ಅದೂ ಹೊರಗಿನಿಂದ ನೋಡಿದರೆ ನಿಮ್ಮ ಗಾಡಿಯ ಹಾಗೇ ಕಾಣುತ್ತದೆ. ಒಂದು ವ್ಯತ್ಯಾಸ ಗಮನಿಸಿ: ಕಿಡಿ ಹೋದರೆ ಎಂಜಿನ್ ಸಾಮಾನ್ಯವಾಗಿ ಸ್ವಿಚ್ ಆಫ್ ಮಾಡಿದ ಹಾಗೆ ತಟ್ಟನೆ ಸಾಯುತ್ತದೆ. ಪೆಟ್ರೋಲ್ ಸಾಲದಿದ್ದರೆ ಮೊದಲು ಎಳೆತ ಕಡಿಮೆಯಾಗಿ, ಮುಗ್ಗರಿಸಿ, ಆಮೇಲೆ ನಿಲ್ಲುತ್ತದೆ.

ಟಿಕ್ಲರ್ ಒತ್ತಿ ಹಿಡಿದರೂ ಪೆಟ್ರೋಲ್ ಬರಲಿಲ್ಲ ಅಂದರೆ ಬಟ್ಟಲು ಬರಿದಾಗಿದೆ. ಈಗ ಟ್ಯಾಂಕಿನ ಮುಚ್ಚಳ ನಿಧಾನಕ್ಕೆ ಸಡಿಲಿಸಿ, ಕಿವಿಗೊಟ್ಟು ಕೇಳಿ. ಸುಯ್ ಅಂತ ಗಾಳಿ ಒಳಗೆ ಹೋಗುವ ಸದ್ದು ಬಂದು, ಮತ್ತೆ ಟಿಕ್ಲರ್ ಒತ್ತಿದಾಗ ಪೆಟ್ರೋಲ್ ಉಕ್ಕಿದರೆ ಕಳ್ಳ ಸಿಕ್ಕಿದ. ಸದ್ದೂ ಇಲ್ಲ, ಪೆಟ್ರೋಲೂ ಇಲ್ಲ ಅಂದರೆ ಟ್ಯಾಪ್ ಅಥವಾ ಪೈಪಿನಲ್ಲಿ ಅಡ್ಡಿ ಇದೆ, ಇಲ್ಲವೇ ಫ್ಲೋಟ್ ನೀಡಲ್ ಸಿಕ್ಕಿಹಾಕಿಕೊಂಡಿದೆ. ಸಿಲಿಂಡರ್, ಸೈಲೆನ್ಸರ್ ಎರಡೂ ಬಿಸಿ ಇರುತ್ತವೆ. ಉಕ್ಕಿದ ಪೆಟ್ರೋಲ್ ಅವುಗಳ ಮೇಲೆ ಬೀಳದ ಹಾಗೆ ಕೆಳಗೆ ಬಟ್ಟೆ ಹಿಡಿಯಿರಿ. ಬೀಡಿ ಸಿಗರೇಟು ಸೇದುವವರನ್ನು ಹತ್ತಿರ ಬಿಡಬೇಡಿ.

ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಇದ್ದಾಗ ಎಷ್ಟು ದೂರಕ್ಕೆ ನಿಲ್ಲುತ್ತದೆ ಅನ್ನುವುದೂ ಒಂದು ಸುಳಿವು. ಗಾಳಿ ತೂತು ಕಟ್ಟಿದ್ದರೆ ಫುಲ್ ಟ್ಯಾಂಕ್ ಇದ್ದಾಗ ಬೇಗ ನಿಲ್ಲುತ್ತದೆ. ಮೇಲೆ ಒಂದೇ ಲೀಟರ್ ಗಾಳಿ ಇದ್ದರೆ ನೂರಕ್ಕೆ ಎರಡು ಅಂದರೆ 20 ಮಿ.ಲೀ. ಮಾತ್ರ. ಟ್ಯಾಪಿನಲ್ಲಿ ಕಸ ಇದ್ದರೆ ಇದಕ್ಕೆ ಉಲ್ಟಾ. ಫುಲ್ ಟ್ಯಾಂಕ್ ಇದ್ದಾಗ ಎತ್ತರ ಜಾಸ್ತಿ, ಒತ್ತಡ ಜಾಸ್ತಿ, ಗಾಡಿ ಪರವಾಗಿಲ್ಲ ಅನ್ನುವಂತೆ ಓಡುತ್ತದೆ. ಪೆಟ್ರೋಲ್ ಇಳಿದ ಹಾಗೆಲ್ಲ ತೊಂದರೆ ಜಾಸ್ತಿಯಾಗುತ್ತದೆ. ಬರೀ ಇಷ್ಟನ್ನು ಕೇಳಿಯೇ ಎಷ್ಟೋ ಸಲ ಸ್ಪ್ಯಾನರ್ ಮುಟ್ಟದೆ ದಾರಿ ಸಿಗುತ್ತದೆ.

ಮುಚ್ಚಳ ಸರಿಯಿದ್ದರೂ, ಅಥವಾ ಸರಿಮಾಡಿದ ಮೇಲೂ, ಹರಿವನ್ನು ಒಮ್ಮೆ ಅಳೆಯಿರಿ. ಎಂಜಿನ್ ತಣ್ಣಗಿರಲಿ. ಕಾರ್ಬ್ಯುರೇಟರ್ ಕಡೆಯಿಂದ ಪೈಪ್ ಬಿಡಿಸಿ, ಅದು ಇರುವ ಎತ್ತರದಲ್ಲೇ ಹಿಡಿದು, ಅಳತೆ ಗೆರೆ ಇರುವ ಬಾಟಲಿಗೆ ಬಿಡಿ. ಒಂದು ನಿಮಿಷ ನೋಡಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ, ಲೀಟರಿಗೆ 30ರ ಲೆಕ್ಕದಲ್ಲಿ, ಎಂಜಿನ್ ನಿಮಿಷಕ್ಕೆ 33 ಮಿ.ಲೀ. ಕುಡಿಯುತ್ತದೆ. ಗುಂಡ್ಯದಿಂದ ಶಿರಾಡಿ ಘಾಟಿ ಹತ್ತುವಾಗ ಇದರ ಎರಡು ಮೂರು ಪಟ್ಟು ಬೇಕಾಗಬಹುದು. ಹಾಗಾಗಿ ನಿಮಿಷಕ್ಕೆ 200 ಮಿ.ಲೀ.ಗಿಂತ ಕಡಿಮೆ ಬಂದರೆ ನಾನು ಒಪ್ಪುವುದಿಲ್ಲ. ಮುಖ್ಯವಾದ ಮಾತು: ಮುಚ್ಚಳ ತೆಗೆದು ಒಮ್ಮೆ, ಮುಚ್ಚಳ ಹಾಕಿ ಒಮ್ಮೆ ಅಳೆಯಿರಿ. ಹಾಕಿ ಅಳೆಯುವಾಗ ಒಂದು ಲೀಟರ್ ಇಳಿಯುವವರೆಗೂ ಬಿಡಿ. ಶುರುವಿನಲ್ಲಿ ಚೆನ್ನಾಗಿ ಬಂದು ಆಮೇಲೆ ಗುಳುಗುಳು ಅಂತ ತಡೆದು ತಡೆದು ಬಂದರೆ ಗಾಳಿಯದ್ದೇ ತೊಂದರೆ. ವರ್ಕ್‌ಶಾಪಿನಲ್ಲಿ ಸಾಮಾನ್ಯವಾಗಿ ಪೈಪ್ ಬಿಡಿಸಿ ಎರಡು ಸೆಕೆಂಡ್ ನೋಡಿ ‘ಪೆಟ್ರೋಲ್ ಬರ್ತಾ ಇದೆ’ ಅಂದುಬಿಡುತ್ತಾರೆ. ಆ ಎರಡು ಸೆಕೆಂಡಿನಲ್ಲಿ ಇದು ಗೊತ್ತಾಗುವುದಿಲ್ಲ.

ಎರಡು ಸಲವೂ ಹರಿವು ಸಣ್ಣದಾಗಿಯೇ ಇದ್ದರೆ ಟ್ಯಾಪ್ ಬಿಚ್ಚಿ. ಎಂಟು ವರ್ಷ ನಿಂತ ಟ್ಯಾಂಕಿನಲ್ಲಿ ತುಕ್ಕು ಇಲ್ಲದಿರುವುದು ಅಪರೂಪ. ನಯವಾದ ತುಕ್ಕಿನ ಪುಡಿ ಟ್ಯಾಪಿನ ಜಾಲರಿಗೆ ಮೆತ್ತಿಕೊಳ್ಳುತ್ತದೆ. ಗಾಡಿ ನಿಂತಾಗ ಒಂದಿಷ್ಟು ಕೆಳಗೆ ಉದುರುತ್ತದೆ, ಓಡುವಾಗ ಮತ್ತೆ ಬಂದು ಅಂಟುತ್ತದೆ. ಲಿವರ್ ಇರುವ ಟ್ಯಾಪುಗಳಲ್ಲಿ ಒಳಗೆ ತೂತುಗಳಿರುವ ರಬ್ಬರ್ ವಾಷರ್ ಇರುತ್ತದೆ. ಅದು ಉಬ್ಬಿದರೆ ತೂತು ಕಿರಿದಾಗುತ್ತದೆ. ರಬ್ಬರ್ ಉಬ್ಬುವುದಕ್ಕೆ ಈಗ ಒಂದು ಹೊಸ ಕಾರಣವೂ ಸೇರಿದೆ, ಎಥೆನಾಲ್.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನೂರಕ್ಕೆ 20 ಭಾಗ ಎಥೆನಾಲ್ ಇರುವ ಇ20 ಪೆಟ್ರೋಲ್ ಮಾರಾಟ ಶುರುವಾದದ್ದು 2023ರ ಫೆಬ್ರವರಿಯಲ್ಲಿ, ಬೆಂಗಳೂರಿನ ಸಮಾರಂಭದಲ್ಲೇ. ಈಗ ಹೆಚ್ಚಿನ ಬಂಕುಗಳಲ್ಲಿ ಅದೇ ಸಿಗುತ್ತದೆ. ಮೈಸೂರಿನ ಯಾದವಗಿರಿಯ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಹೊರಬಂದ ಯಾವ ಜಾವಾ, ಯೆಜ್ಡಿಯನ್ನೂ ಈ ಪೆಟ್ರೋಲಿಗೆಂದು ಮಾಡಿದ್ದಲ್ಲ. ಹಳೆಯ ರಬ್ಬರ್ ಪೈಪು, ವಾಷರ್ ಎಥೆನಾಲಿನಲ್ಲಿ ಉಬ್ಬುತ್ತವೆ, ಮೆತ್ತಗಾಗುತ್ತವೆ. ಕೆಲವು ಪೈಪುಗಳ ಒಳಪದರ ಬಿಟ್ಟುಕೊಂಡು ಒಳಗೇ ದಾರಿ ಮುಚ್ಚುತ್ತದೆ, ಹೊರಗಿನಿಂದ ನೋಡಿದರೆ ಪೈಪ್ ಹೊಸದರಂತೆ ಇರುತ್ತದೆ. ಎಥೆನಾಲ್ ತಾಳುವ ಪೈಪ್ ಕೇಳಿ ತನ್ನಿ. ವೈಟಾನ್ ಪೈಪ್ ಅಂದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಅರ್ಥವಾಗುತ್ತದೆ. ಬೆಲೆ ಜಾಸ್ತಿ, ಆದರೆ ಬೇಕಾಗಿರುವುದು ಒಂದು ಗೇಣು ಉದ್ದ ಅಷ್ಟೇ.

ಇನ್ನೂ ದೊಡ್ಡ ಆತಂಕ ನೀರಿನದು. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ಒಂದು ಮಿತಿ ದಾಟಿದರೆ ನೀರು-ಎಥೆನಾಲ್ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳದಲ್ಲಿ ಕೂರುತ್ತದೆ. ನಾವು ಬೆರೆಸಿದ 2ಟಿ (ಎರಡು ಸ್ಟ್ರೋಕಿನ) ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಪ್ ಎಳೆಯುವುದು ತಳದ ಪದರವನ್ನು. ಅಂದರೆ ಎಂಜಿನ್ನಿಗೆ ಆಯಿಲ್ ಇಲ್ಲದ ದ್ರವ ಹೋಗುತ್ತದೆ. ಗಾಡಿ ತಿಂಗಳುಗಟ್ಟಲೆ ನಿಂತಿದ್ದರೆ ಹೊರಡುವ ಮೊದಲು ಟ್ಯಾಪಿನಿಂದ ಒಂದಿಷ್ಟು ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಿಡಿದು ಬೆಳಕಿಗೆ ಹಿಡಿಯಿರಿ. ಎರಡು ಪದರ ಕಂಡರೆ, ಅಥವಾ ತಳ ಮಬ್ಬಾಗಿದ್ದರೆ, ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ಅದನ್ನು ಸೋಸಿ ಮತ್ತೆ ಬಳಸುವ ಯೋಚನೆ ಬೇಡ.

ತುಕ್ಕಿಗೆ ನಾನು ಹೇಳುವುದು ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್. ಟ್ಯಾಪ್ ತೆಗೆದು ಆ ತೂತನ್ನು ಬಿಗಿಯಾಗಿ ಮುಚ್ಚಿ, ಬೆಚ್ಚಗಿನ ನೀರಿನಲ್ಲಿ ಕರಗಿಸಿದ ನಿಂಬೆ ಉಪ್ಪನ್ನು ತುಂಬಿ ಒಂದು ರಾತ್ರಿ ಬಿಡಿ. ಬಣ್ಣಕ್ಕೂ ಕ್ರೋಮಿಗೂ ಚೆಲ್ಲದಂತೆ ಎಚ್ಚರ. ಆಮೇಲೆ ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ತಡಮಾಡದೆ ಆಯಿಲ್ ಬೆರೆಸಿದ ಪೆಟ್ರೋಲ್ ಹಾಕಿ ಅಲ್ಲಾಡಿಸಿ. ಒದ್ದೆ ಬಿಟ್ಟರೆ ಬರಿ ಕಬ್ಬಿಣ ಅದೇ ದಿನ ಮತ್ತೆ ತುಕ್ಕು ಹಿಡಿಯುತ್ತದೆ. ಒಳಗೆ ಕಲ್ಲು, ಬೋಲ್ಟು ಹಾಕಿ ಕುಲುಕಿಸುವ ಪದ್ಧತಿ ನನಗೆ ಇಷ್ಟವಿಲ್ಲ. ಹಳೆಯ ಟ್ಯಾಂಕಿನ ತಗಡು ಅಲ್ಲಲ್ಲಿ ಸವೆದಿರುತ್ತದೆ, ತೂತು ಬೀಳುತ್ತದೆ.

ಕಸ ತಡೆಯಲು ಪೈಪಿನ ಮಧ್ಯೆ ಫಿಲ್ಟರ್ ಹಾಕುತ್ತಾರೆ. ಕಾಗದದ ಫಿಲ್ಟರ್ ಬೇಡ. ಅವುಗಳಲ್ಲಿ ಬಹಳಷ್ಟು ಪಂಪ್ ಇರುವ ಕಾರಿಗೆ ಮಾಡಿದವು. ಆಯಿಲ್ ಬೆರೆತ ಪೆಟ್ರೋಲ್ ಈ ಸಣ್ಣ ಒತ್ತಡದಲ್ಲಿ ಅದನ್ನು ದಾಟಲು ಒದ್ದಾಡುತ್ತದೆ. ಜಾಲರಿ ಇರುವುದು ಸಾಕು. ಪೈಪ್ ಎಲ್ಲೂ ಮೇಲಕ್ಕೆ ಡುಬ್ಬಾಗದೆ ಉದ್ದಕ್ಕೂ ಇಳಿಜಾರಾಗಿರಲಿ, ಸಿಲಿಂಡರಿಗೆ ತಾಗದಿರಲಿ. ಡುಬ್ಬಾದ ಕಡೆ ಗಾಳಿ ಗುಳ್ಳೆ ಕೂತು ಹರಿವನ್ನು ತಡೆಯುತ್ತದೆ.

ಇಷ್ಟೆಲ್ಲ ಸರಿಯಿದ್ದು ಗಾಡಿ ಇನ್ನೂ ನಿಂತರೆ ಆಗ ಕಾರ್ಬ್ಯುರೇಟರ್ ಬಿಚ್ಚಿ. ಫ್ಲೋಟನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಕುಲುಕುವ ಸದ್ದು ಬಂದರೆ ತೂತಾಗಿದೆ, ಅದು ಮುಳುಗುತ್ತದೆ, ಪೆಟ್ರೋಲ್ ಉಕ್ಕುತ್ತದೆ. ಹಿತ್ತಾಳೆಯ ಫ್ಲೋಟ್ ಆಗಿದ್ದರೆ ಬಿಸಿ ನೀರಿನಲ್ಲಿ ಮುಳುಗಿಸಿ, ತೂತಿರುವ ಕಡೆ ಗುಳ್ಳೆ ಏಳುತ್ತದೆ. ಬೆಸುಗೆ ಹಾಕುವ ಮೊದಲು ಒಳಗಿನ ಪೆಟ್ರೋಲ್ ಪೂರ್ತಿ ಹೊರಹೋಗಿರಲೇಬೇಕು. ನೀಡಲ್ಲಿನ ತುದಿಯಲ್ಲಿ ಉಂಗುರದ ಹಾಗೆ ಗೆರೆ ಬಿದ್ದಿದ್ದರೆ ಅದು ಸವೆದಿದೆ, ಬದಲಿಸಿ. ಜೆಟ್ಟಿನೊಳಗೆ ತಂತಿ, ಗುಂಡುಸೂಜಿ ಯಾವುದೂ ಬೇಡ. ಹಿತ್ತಾಳೆ ಮೆದು, ತೂತು ದೊಡ್ಡದಾಗುತ್ತದೆ. ಕ್ಲೀನರ್ ಸ್ಪ್ರೇ ಹೊಡೆದು, ಒಣಗಿದ ಆಯಿಲ್ ಅಂಟು ಬಿಡದಿದ್ದರೆ ಮೀನು ಗಾಳದ ನೈಲಾನ್ ದಾರ ತೂರಿಸಿ.

ಇ20ಗೆ ಹೊಂದಿಸುವುದು ಕೊನೆಯ ಕೆಲಸ. ಮಾಮೂಲಿ ಪೆಟ್ರೋಲಿಗೆ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕಾದರೆ, ಇ20ಗೆ ಸುಮಾರು 13.5 ಸಾಕು. ಅಂದರೆ ಗಾಳಿ ಮೊದಲಿನಷ್ಟೇ ಬರುವುದರಿಂದ ಹಳೆಯ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗುತ್ತದೆ. ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿ, ಆಕ್ಸಿಲರೇಟರ್ ಎಳೆದಾಗ ಮೇಲೇಳುವ ಸ್ಲೈಡಿನ ನೀಡಲ್ (ಫ್ಲೋಟಿನದ್ದಲ್ಲ) ಕ್ಲಿಪ್ಪನ್ನು ಒಂದು ಕಚ್ಚು ಕೆಳಕ್ಕೆ ಇಳಿಸಿ ನೋಡಿ, ಆಗ ನೀಡಲ್ ಮೇಲೇಳುತ್ತದೆ. ನಿಮ್ಮ ಮೆಕ್ಯಾನಿಕ್ ಹಾಕಿದ ಹೊಸ ಜೆಟ್ಟಿನ ನಂಬರ್ ಹಳೆಯದಕ್ಕಿಂತ ಚಿಕ್ಕದಲ್ಲ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಆಮೇಲೆ ಪ್ಲಗ್ ಬಣ್ಣ ನೋಡಿ: ಕಾಫಿಪುಡಿ ಬಣ್ಣ ಸರಿ, ಬಿಳಿಯಾಗಿದ್ದರೆ ಇನ್ನೂ ತೆಳು. ಆಯಿಲ್ ಮಾತ್ರ ಕಡಿಮೆ ಮಾಡಬೇಡಿ. ಲೀಟರಿಗೆ 40 ಮಿ.ಲೀ. ಇರಲಿ, ಸ್ವಲ್ಪ ಹೊಗೆ ಬಂದರೂ ಪರವಾಗಿಲ್ಲ.

ಗಾಡಿ ನಿಲ್ಲಿಸಿದಾಗಲೆಲ್ಲ, ಐದೇ ನಿಮಿಷಕ್ಕಾದರೂ, ಟ್ಯಾಪ್ ಮುಚ್ಚಿ. ತೊಟ್ಟಿಕ್ಕುವ ಪೆಟ್ರೋಲ್ ಬರೀ ನೆಲಕ್ಕೆ ಬೀಳುವುದಿಲ್ಲ, ಕ್ರ್ಯಾಂಕ್‌ಕೇಸಿಗೂ ಇಳಿದು ಪ್ಲಗ್ ನೆನೆಸುತ್ತದೆ. ಮನೆಯೊಳಗೆ ನಿಲ್ಲಿಸುವವರಿಗಂತೂ ಇದು ಬೆಂಕಿಯ ವಿಷಯ. ಮುಚ್ಚಳದ ಪರೀಕ್ಷೆ ಮಾಡಿ, ಟಿಕ್ಲರ್ ಏನು ಹೇಳಿತು, ನಿಮಿಷಕ್ಕೆ ಎಷ್ಟು ಮಿ.ಲೀ. ಬಂತು ಅಂತ ಬರೆಯಿರಿ. ಆ ಎರಡು ಉತ್ತರ ಸಿಗುವವರೆಗೂ ಜಿಕೋವ್ ಅದರ ಜಾಗದಲ್ಲೇ ಇರಲಿ.